ಕೈಯಲ್ಲಿ ಕುಣಿತ, ಮಾತಿನಲ್ಲಿ ದುಗುಡ: ‘ಹೈ ಲ್ಯಾಂಡ್, ಹಾರ್ಡ್ ರೇನ್’ ಆಲ್ಬಮ್ ಕೇಳುವ ಕ್ರಮ

ಇಂಗ್ಲಿಷಿನ ಗಿಟಾರ್ ಪಾಪ್ ಆಲ್ಬಮ್ಮೊಂದನ್ನು ಮೊದಲ ಸಲ ಕೇಳಿದ ನಮ್ಮವರು ಸಾಮಾನ್ಯವಾಗಿ ಎರಡು ದೂರು ಹೇಳುತ್ತಾರೆ. ಹಾಡುಗಳೆಲ್ಲ ಒಂದೇ ತರಹ ಕೇಳಿಸುತ್ತವೆ ಎನ್ನುವುದು ಒಂದು. ಹಾಡುವವರು ಏನು ಹೇಳುತ್ತಿದ್ದಾರೆಂದೇ ತಿಳಿಯುವುದಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಸಿನಿಮಾ ಹಾಡು, ಭಾವಗೀತೆಗಳಲ್ಲಿ ಪಳಗಿದ ಕಿವಿ ಮೊದಲು ಸಾಹಿತ್ಯವನ್ನು ಹಿಡಿಯುತ್ತದೆ, ಅನಂತರ ಗಾಯಕರ ದನಿಯನ್ನು. ವಾದ್ಯಗಳ ಸರದಿ ಕೊನೆಗೆ. ಗಿಟಾರ್ ಪಾಪ್ ಕೇಳುವಾಗ ಈ ಸರದಿಯನ್ನು ತಿರುವಿಹಾಕಬೇಕಾಗುತ್ತದೆ. ಏಕೆಂದರೆ ಇಲ್ಲಿ ಉಲ್ಲಾಸವೆಲ್ಲ ಗಿಟಾರ್ ನುಡಿಸುವವರ ಬಲಗೈಯಲ್ಲಿರುತ್ತದೆ, ದುಗುಡ ಮಾತಿನಲ್ಲಿ ಅಡಗಿರುತ್ತದೆ. ಎರಡನ್ನೂ ಮೊದಲು ಬೇರೆ ಬೇರೆಯಾಗಿ ಕೇಳಿಸಿಕೊಂಡವರಿಗೆ ಅವು ಕೂಡಿದಾಗಿನ ರುಚಿ ಚೆನ್ನಾಗಿ ಹತ್ತುತ್ತದೆ.

ಇದನ್ನು ಒಟ್ಟಾರೆಯಾಗಿ ಹೇಳುವುದಕ್ಕಿಂತ ಒಂದೇ ಆಲ್ಬಮ್ಮನ್ನು ಎದುರಿಗಿಟ್ಟುಕೊಂಡು ಹೇಳುವುದು ಮೇಲು. ನಾನು ಆರಿಸಿಕೊಂಡಿರುವುದು ಸ್ಕಾಟ್ಲೆಂಡಿನ ಆಜ್ಟೆಕ್ ಕ್ಯಾಮೆರಾ ತಂಡದ ಮೊದಲ ಆಲ್ಬಮ್ ‘ಹೈ ಲ್ಯಾಂಡ್, ಹಾರ್ಡ್ ರೇನ್’. ಲಂಡನ್ನಿನ ರಫ್ ಟ್ರೇಡ್ ಕಂಪನಿ ಇದನ್ನು 1983ರ ಏಪ್ರಿಲ್‌ನಲ್ಲಿ ಹೊರತಂದಿತು. ಹಾಡುಗಳನ್ನು ಬರೆದು, ಹಾಡಿ, ಗಿಟಾರ್ ನುಡಿಸಿದ ರಾಡಿ ಫ್ರೇಮ್ ಹುಟ್ಟಿದ್ದು 1964ರ ಜನವರಿಯಲ್ಲಿ; ಆಲ್ಬಮ್ ಅಂಗಡಿಗೆ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ, ಇದರೊಳಗಿನ ಕೆಲವು ಹಾಡುಗಳನ್ನು ಬರೆದಾಗ ಇನ್ನೂ ಕಡಿಮೆ. ಹತ್ತು ಹಾಡುಗಳು, ಸುಮಾರು ನಲವತ್ತು ನಿಮಿಷ. ಒಂದು ವಾರದಲ್ಲಿ ನಾಲ್ಕೈದು ಸಲ ಕೇಳುವುದಕ್ಕೆ ಇಷ್ಟು ಅಳತೆ ಹದವಾಗಿದೆ.

ಕೇಳುವ ಮುನ್ನ

ಫೋನಿನಲ್ಲಿ ಕೇಳುವವರು ಮೊದಲು ಷಫಲ್ ಆಫ್ ಮಾಡಬೇಕು. ಒಂದು ಹಾಡು ಮುಗಿಯುವ ಮುಂಚೆಯೇ ಇನ್ನೊಂದನ್ನು ಬೆರೆಸುವ ಕ್ರಾಸ್‌ಫೇಡ್ ಎಂಬ ಸೌಲಭ್ಯ ಇದ್ದರೆ ಅದನ್ನೂ, ಆಲ್ಬಮ್ ಮುಗಿದ ಮೇಲೆ ತನ್ನಷ್ಟಕ್ಕೆ ಬೇರೆ ಹಾಡು ಹಾಕುವ ಆಟೋಪ್ಲೇ ಸೌಲಭ್ಯವನ್ನೂ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇಸ್ ಹೆಚ್ಚಿಸುವ ಈಕ್ವಲೈಸರ್ ಗುಂಡಿಯನ್ನು ಮುಟ್ಟಬಾರದು. ನನ್ನ ಸ್ನೇಹಿತರೊಬ್ಬರು ಇದೇ ಆಲ್ಬಮ್ಮನ್ನು ಮದುವೆಮನೆಯ ಡಿಜೆಗೆ ಒಪ್ಪುವಂಥ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿ, ಇದರಲ್ಲಿ ಗಿಟಾರ್ ಎಲ್ಲಿದೆ ಎಂದು ನನ್ನನ್ನೇ ಕೇಳಿದ್ದರು. ಅಕೂಸ್ಟಿಕ್ (ವಿದ್ಯುತ್ತಿನ ನೆರವಿಲ್ಲದ) ಗಿಟಾರ್‌ನ ತಂತಿಯ ಮೇಲೆ ಪ್ಲೆಕ್ಟ್ರಮ್ ಎಂಬ ಮೀಟುವ ಬಿಲ್ಲೆ ಸವರುವ ಸದ್ದು ದಪ್ಪ ಬೇಸಿನಡಿ ಪೂರ್ತಿ ಹೂತುಹೋಗುತ್ತದೆ, ಈ ಹಾಡುಗಳ ಜೀವವಿರುವುದು ಆ ಸವರಾಟದಲ್ಲೇ. ಸಾಧಾರಣ ಬೆಲೆಯ ತಂತಿಯ ಇಯರ್‌ಫೋನ್ ಸಾಕು.

ಆಲ್ಬಮ್ಮಿನ ಉದ್ದವನ್ನೂ ನೋಡಿಕೊಳ್ಳಬೇಕು. ಮುಂದೆ ಬಂದ ಸಿಡಿಗಳಲ್ಲಿ ‘ಹೇವೈರ್’, ‘ಆರ್ಕಿಡ್ ಗರ್ಲ್’, ‘ಕ್ವೀನ್ಸ್ ಟ್ಯಾಟೂಸ್’ ಎಂಬ ಮೂರು ಹಾಡುಗಳನ್ನು ಕೊನೆಗೆ ಸೇರಿಸಿದರು. ಅವು ಕೆಟ್ಟ ಹಾಡುಗಳೇನಲ್ಲ, ಆದರೆ 1983ರ ಎಲ್‌ಪಿಯಲ್ಲಿ ಅವು ಇರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಹತ್ತಕ್ಕಿಂತ ಹೆಚ್ಚು ಹಾಡುಗಳು ಕಂಡರೆ, ಹತ್ತನೆಯದಾದ ‘ಡೌನ್ ದ ಡಿಪ್’ ಮುಗಿದೊಡನೆ ನಿಲ್ಲಿಸುವುದೆಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಮೊದಲ ಸಲ: ನಡೆಯುತ್ತ ಕೇಳಿ

ಮೊದಲ ಸಲಕ್ಕೆ ಸಾಹಿತ್ಯ ಹುಡುಕಬೇಡಿ, ತಂಡದ ಬಗ್ಗೆ ಓದಬೇಡಿ, ಕೂತು ಕೇಳಲೂ ಬೇಡಿ. ನಲವತ್ತು ನಿಮಿಷದ ಒಂದು ನಡಿಗೆಗೆ ಹೊರಟು ಹತ್ತೂ ಹಾಡುಗಳನ್ನು ಕ್ರಮವಾಗಿ ಕೇಳಿ. ನೀವು ಮಾಡಬೇಕಾದ ಕೆಲಸ ಒಂದೇ: ನಿಮ್ಮ ಹೆಜ್ಜೆಯನ್ನು ಹಾಡು ಎಲ್ಲಿ ತಾನಾಗಿ ಎಳೆದುಕೊಂಡು ಹೋಗುತ್ತದೆ, ಎಲ್ಲಿ ಬಿಟ್ಟುಕೊಡುತ್ತದೆ ಎಂಬುದನ್ನು ಗಮನಿಸುವುದು.

ಮೊದಲನೆಯದಾದ ‘ಒಬ್ಲಿವಿಯಸ್’ನಲ್ಲಿ ಹೆಜ್ಜೆ ಹಗುರಾಗುತ್ತದೆ. ‘ದ ಬಾಯ್ ವಂಡರ್ಸ್’ ಬಂದಾಗ ನೀವು ಬಹುಶಃ ಸ್ವಲ್ಪ ಓಡುತ್ತೀರಿ. ‘ವಾಕ್ ಔಟ್ ಟು ವಿಂಟರ್’ನದು ನೇರವಾದ, ಉದ್ದ ಹೆಜ್ಜೆಯ ನಡಿಗೆ. ಐದನೆಯದಾದ ‘ವೀ ಕುಡ್ ಸೆಂಡ್ ಲೆಟರ್ಸ್’ನಲ್ಲಿ ನಡಿಗೆ ಹಾಡಿಗೆ ಕೂಡುವುದೇ ಇಲ್ಲ, ಅಲ್ಲಿ ಯಾವುದಾದರೂ ಕಲ್ಲುಬೆಂಚಿನ ಮೇಲೆ ಕೂರುವುದು ವಾಸಿ. ಈ ಜಾಗ ಆಕಸ್ಮಿಕವಲ್ಲ. ಎಲ್‌ಪಿಯ ಮೊದಲ ಮಗ್ಗುಲು ಮುಗಿಯುವುದು ಇಲ್ಲಿಯೇ. ಆ ಕಾಲದ ಕೇಳುಗ ಇಲ್ಲಿ ಎದ್ದು ತಟ್ಟೆಯನ್ನು ಮಗುಚಿ ಹಾಕಬೇಕಿತ್ತು, ಅಷ್ಟು ಹೊತ್ತು ಮೌನ ಇರುತ್ತಿತ್ತು. ಆ ಬಿಡುವನ್ನು ನೀವೂ ಕೊಡಿ: ಐದನೆಯ ಹಾಡಾದ ಮೇಲೆ ಒಂದು ನಿಮಿಷ ನಿಲ್ಲಿಸಿ, ಆಮೇಲೆ ‘ಪಿಲ್ಲರ್ ಟು ಪೋಸ್ಟ್’ ಹಾಕಿ. ಅದರ ಡ್ರಮ್ಸ್ ಆಗ ಬಾಗಿಲು ತೆರೆದ ಹಾಗೆ ಕೇಳಿಸುತ್ತದೆ.

ಎರಡನೆಯ ಸಲ: ಬಲಗೈಯನ್ನು ಕೇಳಿ

ಈ ಲೇಖನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಎರಡನೆಯ ಸಲ ಕೇಳುವಾಗ ದನಿಯನ್ನು ಬೇಕೆಂದೇ ಮರೆತು, ಗಿಟಾರ್ ಒಂದನ್ನೇ ಹಿಂಬಾಲಿಸಬೇಕು. ಇದು ಹೇಳುವಷ್ಟು ಸುಲಭವಲ್ಲ. ಮನುಷ್ಯರ ದನಿ ಕೇಳಿಸಿದ ಕಡೆಗೆ ಕಿವಿ ತಾನಾಗಿ ತಿರುಗುತ್ತದೆ. ಆದ್ದರಿಂದ ಒಂದು ಉಪಾಯ: ಹಾಡು ನಡೆಯುತ್ತಿರುವಾಗ ನಿಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟು, ಗಿಟಾರ್‌ನವರ ಕೈಯಂತೆಯೇ ಕೆಳಕ್ಕೂ ಮೇಲಕ್ಕೂ ಸವರುತ್ತ ಹೋಗಿ. ನಾಲ್ಕು ಎಣಿಕೆಯ ಒಂದು ಸುತ್ತಿನಲ್ಲಿ ಕೈ ನಾಲ್ಕು ಸಲ ಕೆಳಗೆ, ನಾಲ್ಕು ಸಲ ಮೇಲೆ ಹೋಗುತ್ತದೆ. ಕೈಯ ಓಡಾಟ ನಿಲ್ಲುವುದಿಲ್ಲ, ಆದರೆ ಎಲ್ಲ ಸಲವೂ ತಂತಿ ತಾಕುವುದಿಲ್ಲ. ಯಾವ ಸವರಿಕೆಯನ್ನು ಬಿಟ್ಟರು, ಯಾವುದಕ್ಕೆ ಒತ್ತು ಕೊಟ್ಟರು ಎಂಬುದರಲ್ಲಿ ಪ್ರತಿ ಹಾಡಿನ ಚಹರೆ ಇರುತ್ತದೆ. ಹಾಡುಗಳೆಲ್ಲ ಒಂದೇ ತರಹ ಎಂಬ ದೂರು ಇಲ್ಲಿಗೆ ಕರಗುತ್ತದೆ, ಏಕೆಂದರೆ ‘ಒಬ್ಲಿವಿಯಸ್’ಗೆ ಕೂಡಿದ ಕೈ ‘ದ ಬಾಯ್ ವಂಡರ್ಸ್’ಗೆ ಕೂಡುವುದಿಲ್ಲ.

ಜೊತೆಗೆ ಚಪ್ಪಾಳೆಯನ್ನೂ ಸರಿಪಡಿಸಿಕೊಳ್ಳಬೇಕು. ಆದಿತಾಳ ಹಾಕುವ ಅಭ್ಯಾಸವಿರುವವರು, ಭಜನೆಯಲ್ಲಿ ತಾಳ ಹಿಡಿದವರು, ಒಂದನೆಯ ಎಣಿಕೆಯ ಮೇಲೆ ತಟ್ಟುತ್ತಾರೆ. ಪಾಪ್ ಸಂಗೀತದಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ‘ವಾಕ್ ಔಟ್ ಟು ವಿಂಟರ್’ ಹಾಕಿಕೊಂಡು, ಒಂದು ಮತ್ತು ಮೂರಕ್ಕೆ ಪಾದವನ್ನೂ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆಯನ್ನೂ ಹಾಕಿ ನೋಡಿ. ಮೊದಲ ಚರಣದಲ್ಲಿ ತಪ್ಪುತ್ತದೆ, ಎರಡನೆಯ ಚರಣದ ಹೊತ್ತಿಗೆ ಕೂಡಿಬರುತ್ತದೆ, ಮತ್ತು ಆಗ ಗಿಟಾರ್ ಆ ಚಪ್ಪಾಳೆಗಳ ನಡುವಿನ ಸಂದಿಯಲ್ಲಿ ನುಸುಳಿ ಓಡಾಡುತ್ತಿರುವುದು ಕೇಳಿಸುತ್ತದೆ. ಡ್ರಮ್ಸ್ ನುಡಿಸಿದವರು ಡೇವ್ ರಫಿ. ಅದಕ್ಕೂ ಮುಂಚೆ ಅವರು ದ ರಟ್ಸ್ ಎಂಬ ಪಂಕ್ (ಒರಟು, ಸಿಟ್ಟಿನ ರಾಕ್ ಸಂಗೀತದ) ತಂಡದಲ್ಲಿದ್ದವರು. ಅಷ್ಟು ಗಟ್ಟಿ ಕೈಯವರು ಇಲ್ಲಿ ಎಷ್ಟು ಹಿಡಿತದಿಂದ ನುಡಿಸಿದ್ದಾರೆ ಎಂಬುದನ್ನು ಗಮನಿಸಿದರೆ ಹಾಡಿನ ಹಗುರತನ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಇನ್ನು ಎಡಗೈ. ಫ್ರೇಮ್ ಜಾಜ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯವರನ್ನು ಮೆಚ್ಚಿ ಕೇಳಿದವರು, ಅದರ ಗುರುತು ಅವರು ಹಿಡಿಯುವ ಕಾರ್ಡ್‌ಗಳಲ್ಲಿದೆ. ಕಾರ್ಡ್ ಎಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಇದನ್ನು ಹಾರ್ಮೋನಿಯಂ ಇರುವವರು ಕೈಯಾರೆ ಪರೀಕ್ಷಿಸಬಹುದು. ಸ, ಅಂತರ ಗಾಂಧಾರ, ಪ ಈ ಮೂರನ್ನು ಒಟ್ಟಿಗೆ ಒತ್ತಿ: ದೇವಸ್ಥಾನದ ಗಂಟೆಯಂತೆ ಸಂತೃಪ್ತವಾದ, ಮುಗಿದುಹೋದ ಸದ್ದು. ಈಗ ಅವುಗಳ ಮೇಲೆ ಕಾಕಲಿ ನಿಷಾದವನ್ನು ಸೇರಿಸಿ. ಸಂತೋಷ ಹಾಗೆಯೇ ಇದೆ, ಆದರೆ ಅದಕ್ಕೊಂದು ಚುಳುಕು ಬಂತು. ಏನೋ ಬಾಕಿ ಉಳಿದಿದೆ ಅನ್ನಿಸಿತು, ಏಕೆಂದರೆ ಆ ನಿಷಾದ ಮೇಲಿನ ಷಡ್ಜಕ್ಕೆ ಹೋಗಲು ಹಾತೊರೆಯುತ್ತಿದೆ, ನೀವು ಬಿಡುತ್ತಿಲ್ಲ. ಪಾಶ್ಚಾತ್ಯರು ಇದನ್ನು ಮೇಜರ್ ಸೆವೆಂತ್ ಎನ್ನುತ್ತಾರೆ. ಮೂರು ಸ್ವರದ ನೇರ ಕಾರ್ಡ್‌ಗಳಲ್ಲೇ ಮುಗಿಸಿಬಿಡಬಹುದಾಗಿದ್ದ ಪಾಪ್ ಹಾಡಿನಲ್ಲಿ ಇಂಥ ಕಾರ್ಡ್‌ಗಳನ್ನು ಬೆರೆಸಿರುವುದರಿಂದಲೇ ಈ ಆಲ್ಬಮ್ಮಿನ ಉಲ್ಲಾಸಕ್ಕೆ ಒಳಗಿನಿಂದ ಒಂದು ಬಿರುಕು ಕಾಣುತ್ತದೆ. ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಹಳೆಯ ಹಾರ್ಮೋನಿಯಂನಿಂದ; ಅದರ ಒಂದು ಮನೆ ಮೇಲೇಳದೆ ಸಿಕ್ಕಿಹಾಕಿಕೊಂಡಿತ್ತು, ಅದೃಷ್ಟಕ್ಕೆ ಅದು ನಿಷಾದವೇ ಆಗಿತ್ತು.

ಗಿಟಾರ್ ಬಿಡಿಸಿ ಕೇಳಲು ‘ಒಬ್ಲಿವಿಯಸ್’ಗಿಂತ ಒಳ್ಳೆಯ ಹಾಡು ಇದರಲ್ಲಿಲ್ಲ. ಸ್ಪ್ಯಾನಿಷ್ ಛಾಯೆಯ ಅಕೂಸ್ಟಿಕ್ ಗಿಟಾರ್ ಇಡೀ ಹಾಡನ್ನು ಹೊತ್ತು ನಡೆಸುತ್ತದೆ, ನಡುವಿನ ಸೋಲೋ ಕೂಡ ಅಕೂಸ್ಟಿಕ್ಕಿನಲ್ಲೇ ಇದೆ. ಪಂಕ್ ಗಲಾಟೆ ಮುಗಿದು, ಸಿಂಥಸೈಜರ್ ಪಾಪ್ ಸಂಗೀತವನ್ನು ಆಳುತ್ತಿದ್ದ ವರ್ಷಗಳಲ್ಲಿ ಹೀಗೆ ಮರದ ಪೆಟ್ಟಿಗೆಯ ಸದ್ದನ್ನು ಮುಂದಿಟ್ಟುಕೊಂಡು ಬಂದದ್ದು ಒಂದು ಬಗೆಯ ಹಟವೇ. 1983ರ ಕೊನೆಯಲ್ಲಿ ಮತ್ತೆ ಬಿಡುಗಡೆಯಾದಾಗ ಈ ಹಾಡು ಬ್ರಿಟಿಷ್ ಪಟ್ಟಿಯಲ್ಲಿ 18ನೆಯ ಸ್ಥಾನಕ್ಕೆ ಏರಿತು. ಅದನ್ನು ಕೇಳುವಾಗ ಒಂದು ಸಲ ಎಡಗಿವಿಯ ಇಯರ್‌ಫೋನ್ ತೆಗೆದು, ಇನ್ನೊಂದು ಸಲ ಬಲಗಿವಿಯದನ್ನು ತೆಗೆದು ನೋಡಿ. ವಾದ್ಯಗಳನ್ನು ಎರಡು ಬದಿಗೆ ಹೇಗೆ ಹಂಚಿಟ್ಟಿದ್ದಾರೆಂಬುದು ಓದಿ ತಿಳಿಯುವ ವಿಷಯವಲ್ಲ.

ಮೂರನೆಯ ಸಲ: ಈಗ ಮಾತು

ಈಗ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳಬಹುದು. ಒಂದು ಹಾಳೆಯನ್ನು ಉದ್ದಕ್ಕೆ ಮಡಿಚಿ ಎರಡು ಕಾಲಮ್ ಮಾಡಿಕೊಳ್ಳಿ. ಎಡಕ್ಕೆ ‘ಕೈ’, ಬಲಕ್ಕೆ ‘ಮಾತು’ ಎಂದು ಬರೆಯಿರಿ. ಪ್ರತಿ ಹಾಡಿಗೂ ಎಡಗಡೆ ಗಿಟಾರ್‌ನ ಭಾವ, ಬಲಗಡೆ ಮಾತಿನ ಭಾವ, ಎರಡಕ್ಕೂ ಒಂದೊಂದೇ ಪದ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿನಲ್ಲಿ ಬರೆದರೆ ಎಲ್ಲಕ್ಕೂ ಹ್ಯಾಪಿ, ಸ್ಯಾಡ್ ಎಂಬ ಎರಡೇ ಪದ ಬರುತ್ತವೆ. ಕನ್ನಡದಲ್ಲಿ ಹುರುಪು, ಚಡಪಡಿಕೆ, ಕಾತರ, ಅಳುಕು, ಹಳಹಳಿ, ನಿರಾಳ ಎಂದೆಲ್ಲ ಬೇರೆ ಬೇರೆಯಾಗಿ ಹೇಳಬಹುದು, ಈ ಹಾಡುಗಳಿಗೆ ಆ ಸೂಕ್ಷ್ಮ ಬೇಕು.

‘ಒಬ್ಲಿವಿಯಸ್’ನ ಮಾತಿನಲ್ಲಿ ಒಬ್ಬ ಹುಡುಗ ಬೀದಿಯಲ್ಲಿ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದಾನೆ, ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ ಎನ್ನುತ್ತಾನೆ. ನನ್ನ ಹಾಳೆಯಲ್ಲಿ ಎಡಕ್ಕೆ ‘ಹುರುಪು’, ಬಲಕ್ಕೆ ‘ಕಾತರ’ ಎಂದಿದೆ. ‘ಪಿಲ್ಲರ್ ಟು ಪೋಸ್ಟ್’ನಲ್ಲಿ ಈ ಬಿರುಕು ಇನ್ನೂ ದೊಡ್ಡದು. 1982ರಲ್ಲಿ ಸಿಂಗಲ್ (ಬಿಡಿ ಹಾಡಿನ ತಟ್ಟೆ) ಆಗಿಯೂ ಬಂದಿದ್ದ ಈ ಹಾಡಿನ ಲಯಕ್ಕೆ ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳ ಜಿಗಿತವಿದೆ, ಹಬ್ಬದ ದಿನ ಹಾಕುವಂತಿದೆ. ಆದರೆ ಬಾಯಿ ತೆರೆದೊಡನೆ ಹಾಡುಗಾರ ಹೇಳುವುದು ತಾನು ಒಂದು ಕಾಲಕ್ಕೆ ಸುಖವಾಗಿದ್ದೆ ಎಂದು. ಒಂದು ಕಾಲಕ್ಕೆ ಎಂಬ ಆ ಒಂದು ಪದವನ್ನು ಕೇಳಿಸಿಕೊಳ್ಳದೆ ಕುಣಿದವರು ಅರ್ಧ ಹಾಡು ಕೇಳಿದಂತೆ.

ಈ ಆಲ್ಬಮ್ಮಿನ ಮಾತಿನಲ್ಲಿ ನನಗೆ ಅತ್ಯಂತ ಹಿಡಿಸಿರುವುದು ‘ವಾಕ್ ಔಟ್ ಟು ವಿಂಟರ್’, ಮತ್ತು ಅದನ್ನು ನಾನು ಬಹಳ ಕಾಲ ತಪ್ಪಾಗಿಯೇ ಅರ್ಥ ಮಾಡಿಕೊಂಡಿದ್ದೆ. ಚಳಿಗಾಲಕ್ಕೆ ಕಾಲಿಡುವುದು ಎಂದರೆ ನಮಗೆ ಕಾಣುವ ಚಿತ್ರ ಬೇರೆ. ಮೈಸೂರು, ಬೆಂಗಳೂರಿನವರಿಗೆ ಚಳಿಗಾಲ ವರ್ಷದ ಒಳ್ಳೆಯ ಕಾಲ: ಅವರೆಕಾಯಿಯ ಸೊಗಡು, ಎಳೆ ಬಿಸಿಲು, ಬೆಳಗಿನ ವಾಕಿಂಗು. ಹಾಡಿನ ಗಿಟಾರೂ ಎಳೆ ಬಿಸಿಲಿನ ಹಾಗೆಯೇ ಇರುವುದರಿಂದ ಇದು ಹಿತವಾದ ನಡಿಗೆಯ ಹಾಡೆಂದು ನಾನು ನಂಬಿದ್ದೆ. ಗ್ಲಾಸ್ಗೋ ಸೀಮೆಯಲ್ಲಿ ಡಿಸೆಂಬರಿನ ಕೊನೆಗೆ ಹಗಲು ಏಳು ಗಂಟೆಗಳಷ್ಟು ಮಾತ್ರ. ಸಂಜೆ ನಾಲ್ಕಾಗುವ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಉಳಿದದ್ದು ಕತ್ತಲೆ ಮತ್ತು ಮಳೆ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಚಳಿಗಾಲದೊಳಕ್ಕೆ ನಡೆ ಎಂದರೆ ಅದು ಧೈರ್ಯ ಹೇಳುವ ಮಾತು.

ಯಾವುದಕ್ಕೆ ಧೈರ್ಯ? ಹಾಡಿನ ನಡುವೆ ಒಂದು ಗೋಡೆ ಬರುತ್ತದೆ. ಅದರ ಮೇಲೆ ಅಂಟಿಸಿದ್ದ ಸ್ಟ್ರಮರ್ ಅವರ ಚಿತ್ರಗಳು ಬಿದ್ದುಹೋಗಿವೆ, ಅವು ಇದ್ದ ಜಾಗ ಖಾಲಿಯಾಗಿದೆ. ಜೋ ಸ್ಟ್ರಮರ್ ಎಂದರೆ ದ ಕ್ಲ್ಯಾಶ್ ಎಂಬ ಪಂಕ್ ತಂಡದ ಗಾಯಕರು. 1976-77ರಲ್ಲಿ ಇಂಗ್ಲೆಂಡಿನ ಹುಡುಗರ ಸಿಟ್ಟಿಗೆ ದನಿ ಕೊಟ್ಟವರಲ್ಲಿ ಮುಖ್ಯರು. ಪಂಕ್ ಶುರುವಾದಾಗ ಹನ್ನೆರಡು ಹದಿಮೂರು ವರ್ಷದವರಾಗಿದ್ದ ಫ್ರೇಮ್‌ಗೆ ಆ ಸಿಟ್ಟು ಅಣ್ಣಂದಿರಿಂದ ಬಂದ ಬಳುವಳಿಯಂತೆ. ಅವರು ಗಿಟಾರ್ ಎತ್ತಿಕೊಳ್ಳುವ ಹೊತ್ತಿಗೆ ಚಿತ್ರಗಳು ಗೋಡೆಯಿಂದ ಉದುರುತ್ತಿದ್ದವು, ಊರಿನ ಸ್ಥಿತಿಯೇನೂ ಸುಧಾರಿಸಿರಲಿಲ್ಲ: 1982ರ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷ ದಾಟಿತ್ತು. ಸಿಟ್ಟಿನ ಹಾಡುಗಳು ಮುಗಿದವು, ಕೆಲಸವಿಲ್ಲ, ಹೊರಗೆ ಚಳಿ. ಆಗ ಈ ಹುಡುಗ ಬರೆದದ್ದು ಇನ್ನೂ ಜೋರಾದ ಹಾಡನ್ನಲ್ಲ. ಮಿಂಚುವ ಗಿಟಾರ್ ಹಿಡಿದು, ಬಾ, ಹೊರಗೆ ನಡೆಯೋಣ ಎಂದು ಗೆಳತಿಗೆ ಹೇಳುವ ಹಾಡನ್ನು. ಇಷ್ಟು ತಿಳಿದ ಮೇಲೆ ಆ ಗಿಟಾರನ್ನು ಮತ್ತೆ ಕೇಳಿ. ಅದು ಈಗ ಬಿಸಿಲಿನಂತೆ ಕೇಳಿಸುವುದಿಲ್ಲ, ಚಳಿಯಲ್ಲಿ ಮೈ ಬೆಚ್ಚಗಾಗಲೆಂದು ಬೇಗ ಬೇಗ ನಡೆಯುವವರ ಉಸಿರಿನಂತೆ ಕೇಳಿಸುತ್ತದೆ. ನನ್ನ ಹಾಳೆಯಲ್ಲಿ ಎಡಕ್ಕೆ ‘ನಿರಾಳ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ಹಟ’ ಎಂದು ತಿದ್ದಿದೆ.

‘ವೀ ಕುಡ್ ಸೆಂಡ್ ಲೆಟರ್ಸ್’ನಲ್ಲಿ ಮಾತ್ರ ಎರಡೂ ಕಾಲಮ್ಮಿಗೆ ಒಂದೇ ಪದ ಬರುತ್ತದೆ. ಅಗಲುವ ಇಬ್ಬರು, ಪತ್ರ ಬರೆಯೋಣ ಎನ್ನುವ ಒಂದು ಸಲಹೆ. ಆ ಸಲಹೆಯಿಂದ ಏನೂ ಉಳಿಯುವುದಿಲ್ಲವೆಂದು ಹಾಡುವ ದನಿಗೇ ಗೊತ್ತಿದೆ. ಆರು ನಿಮಿಷಕ್ಕೆ ಹತ್ತಿರವಿರುವ ಇದು ಆಲ್ಬಮ್ಮಿನ ಅತಿ ಉದ್ದದ ಹಾಡು. ಉಲ್ಲಾಸದ ಆಲ್ಬಮ್ ಎಂದು ಹೇಳಿ ಇದನ್ನು ಕೊಟ್ಟರೆ ಹೇಗೆ ಎಂದು ಯಾರಾದರೂ ಕೇಳಬಹುದು. ಹಿಂದಿನ ನಾಲ್ಕು ಹಾಡುಗಳಲ್ಲಿ ಗಿಟಾರ್ ಮುಚ್ಚಿಟ್ಟುಕೊಂಡು ಬಂದದ್ದನ್ನು ಇಲ್ಲಿ ಒಂದು ಸಲ ಬಿಚ್ಚಿ ತೋರಿಸಲಾಗಿದೆ, ಅಷ್ಟೇ. ಇದನ್ನು ಕೇಳಿದ ಮೇಲೆ ಆ ನಾಲ್ಕನ್ನೂ ಮೊದಲಿನಂತೆ ಕೇಳಲಾಗುವುದಿಲ್ಲ.

ಉಳಿದವುಗಳನ್ನು ಬೇಗ ದಾಟಬಹುದು. ‘ದ ಬ್ಯೂಗಲ್ ಸೌಂಡ್ಸ್ ಅಗೇನ್’ ಚೆಲುವಾದ ಹಾಡು, ಆದರೆ ಎರಡು ದೊಡ್ಡ ಹಾಡುಗಳ ನಡುವೆ ಸಿಕ್ಕಿಕೊಂಡು ನಿಂತಿದೆ. ‘ರಿಲೀಸ್’ ಜಾಜ್ ಕ್ಲಬ್ಬಿನ ಮೆಲುದನಿಯಲ್ಲಿ ತೆವಳುತ್ತ ಶುರುವಾಗಿ ಆಮೇಲೆ ವೇಗ ಹಿಡಿಯುತ್ತದೆ. ಆ ತಿರುವಿಗಾಗಿ ಕಾಯುವ ತಾಳ್ಮೆ ಬೇಕು. ‘ಲಾಸ್ಟ್ ಔಟ್‌ಸೈಡ್ ದ ಟನಲ್’ ಕತ್ತಲ ಬಣ್ಣದ್ದು. ‘ಬ್ಯಾಕ್ ಆನ್ ಬೋರ್ಡ್’ಗೆ ಪ್ರಾರ್ಥನೆಯ ಧಾಟಿಯಿದೆ.

ನಾಲ್ಕನೆಯ ಸಲ: ಊರು ಮತ್ತು ಕಾಲ

ಸಂಗೀತ ಕೇಳುವುದಕ್ಕೆ ಚರಿತ್ರೆ ಏಕೆ ಎನ್ನುವವರು ಈ ಭಾಗ ಬಿಡಬಹುದು. ಆದರೆ ಇಂಥ ಸಂಗೀತಕ್ಕೆ ಅಂಟಿಕೊಂಡಿರುವ ಇಂಡೀ ಎಂಬ ಪದದ ಅರ್ಥ ತಿಳಿಯಲು ಇದು ಬೇಕಾಗುತ್ತದೆ. ಇಂಡೀ ಎಂಬುದು ಮೂಲದಲ್ಲಿ ಒಂದು ಶೈಲಿಯ ಹೆಸರಲ್ಲ, ವ್ಯವಹಾರದ ಹೆಸರು: ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣವರು ತಾವೇ ತಟ್ಟೆ ಮುದ್ರಿಸಿ ಮಾರಿಕೊಳ್ಳುವುದು. ಈ ಆಲ್ಬಮ್ ತಂದ ರಫ್ ಟ್ರೇಡ್, 1976ರಲ್ಲಿ ಪಶ್ಚಿಮ ಲಂಡನ್ನಿನ ಒಂದು ರೆಕಾರ್ಡ್ ಅಂಗಡಿಯಾಗಿ ಶುರುವಾದದ್ದು.

ಅದಕ್ಕೂ ಮುಂಚೆ ಆಜ್ಟೆಕ್ ಕ್ಯಾಮೆರಾ ಗ್ಲಾಸ್ಗೋದ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್ ಎಂಬ ಪುಟ್ಟ ರೆಕಾರ್ಡ್ ಕಂಪನಿಯಲ್ಲಿತ್ತು. ಆಲನ್ ಹಾರ್ನ್ ಎಂಬ ಯುವಕ ತಮ್ಮ ಮನೆಯಿಂದಲೇ ನಡೆಸುತ್ತಿದ್ದ ಆ ಲೇಬಲ್ಲಿನ ಗುರುತು ಡೋಲು ಬಾರಿಸುವ ಬೆಕ್ಕು. ಅಮೆರಿಕದ ಮೋಟೌನ್ ಕಂಪನಿ ತನ್ನದು ತರುಣ ಅಮೆರಿಕದ ಸದ್ದು ಎಂದು ಹೇಳಿಕೊಳ್ಳುತ್ತಿದ್ದರೆ, ಇವರು ತಮ್ಮದು ತರುಣ ಸ್ಕಾಟ್ಲೆಂಡಿನ ಸದ್ದು ಎಂದು ಬರೆದುಕೊಂಡರು. ಅರ್ಧ ತಮಾಷೆ, ಅರ್ಧ ಸವಾಲು. 1981ರಲ್ಲಿ ಇಲ್ಲಿಂದ ತಂಡದ ಎರಡು ಸಿಂಗಲ್‌ಗಳು ಬಂದವು: ‘ಜಸ್ಟ್ ಲೈಕ್ ಗೋಲ್ಡ್’ ಮತ್ತು ‘ಮ್ಯಾಟ್ರೆಸ್ ಆಫ್ ವೈರ್’. ಸ್ವಾರಸ್ಯವೆಂದರೆ ಈ ಎರಡೂ ಹಾಡುಗಳು ಆಲ್ಬಮ್ಮಿನಲ್ಲಿಲ್ಲ. ಅವುಗಳ ಹಿಂಬದಿಯಲ್ಲಿದ್ದ ‘ವೀ ಕುಡ್ ಸೆಂಡ್ ಲೆಟರ್ಸ್’ ಮತ್ತು ‘ಲಾಸ್ಟ್ ಔಟ್‌ಸೈಡ್ ದ ಟನಲ್’ ಮಾತ್ರ ಹೊಸದಾಗಿ ಧ್ವನಿಮುದ್ರಣಗೊಂಡು ಒಳಗೆ ಬಂದವು. ಹದಿನೇಳರ ಹರೆಯದಲ್ಲಿ ಮುಂಬದಿಗೆ ಇಟ್ಟದ್ದನ್ನು ಹತ್ತೊಂಬತ್ತರಲ್ಲಿ ಕೈಬಿಟ್ಟು, ಹಿಂಬದಿಗೆ ತಳ್ಳಿದ್ದನ್ನು ಎತ್ತಿಕೊಂಡ ಈ ಆಯ್ಕೆಯನ್ನು ನಾನು ಬಹಳ ಮೆಚ್ಚುತ್ತೇನೆ. ಹಳೆಯ ಮುದ್ರಣಗಳು ಸಿಕ್ಕರೆ ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ.

ಫ್ರೇಮ್ ಬೆಳೆದ ಊರು ಈಸ್ಟ್ ಕಿಲ್ಬ್ರೈಡ್, ಗ್ಲಾಸ್ಗೋದ ಪಕ್ಕದ್ದು. 1947ರಲ್ಲಿ ಸ್ಕಾಟ್ಲೆಂಡಿನ ಮೊದಲ ‘ಹೊಸ ಪಟ್ಟಣ’ವೆಂದು ಗುರುತಿಸಿ, ನಗರದ ಇಕ್ಕಟ್ಟಿನಿಂದ ಜನರನ್ನು ಹೊರತರಲು ಯೋಜನೆ ಹಾಕಿ ಕಟ್ಟಿದ ಬಡಾವಣೆಗಳ ಊರು ಅದು. ಆಲ್ಬಮ್ಮಿನ ಹೆಸರಿನಲ್ಲಿ ಹೈಲ್ಯಾಂಡ್ ಎಂಬುದನ್ನು ಒಡೆದು ಎರಡು ಪದವಾಗಿ ಬರೆದಿರುವುದನ್ನು ಇಲ್ಲಿ ನೆನೆಯಬೇಕು. ಪ್ರವಾಸಿ ಪೋಸ್ಟರುಗಳ ಗುಡ್ಡ, ಸರೋವರಗಳ ಹೈಲ್ಯಾಂಡ್ಸ್ ಇರುವುದು ಉತ್ತರಕ್ಕೆ. ಈ ಹುಡುಗನದು ಒಂದೇ ಅಚ್ಚಿನ ಮನೆಗಳ ಊರು. ಎತ್ತರದ ನೆಲ, ಬಿರುಸಿನ ಮಳೆ ಎಂಬ ಎರಡು ಮಾತಿನಲ್ಲಿ ಊರಿನ ಹೆಮ್ಮೆಯೂ ಇದೆ, ಊರಿನ ಹವೆಯೂ ಇದೆ.

ಆಲ್ಬಮ್ಮನ್ನು ಧ್ವನಿಮುದ್ರಿಸಿದ್ದು ಮಾತ್ರ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್‌ನಲ್ಲಿ, ಜಾನ್ ಬ್ರ್ಯಾಂಡ್ ಮತ್ತು ಬರ್ನಿ ಕ್ಲಾರ್ಕ್ ಅವರ ನಿರ್ಮಾಣದಲ್ಲಿ. ಕೀಬೋರ್ಡ್ ಕ್ಲಾರ್ಕ್ ಅವರದೇ, ಬೇಸ್ ಗಿಟಾರ್ ಕ್ಯಾಂಪ್‌ಬೆಲ್ ಓವೆನ್ಸ್ ಅವರದು. ನಾಲ್ಕನೆಯ ಸಲ ಕೇಳುವಾಗ ಈ ಬೇಸನ್ನು ಹಿಂಬಾಲಿಸಿ. ಮೊದಲ ಮೂರು ಸಲ ಅದು ಕಿವಿಗೇ ಬಿದ್ದಿರುವುದಿಲ್ಲ.

ದಿನದ ಯಾವ ಹೊತ್ತಿಗೆ ಯಾವ ಹಾಡು

ಇಷ್ಟಾದ ಮೇಲೆ ಆಲ್ಬಮ್ ನಿಮ್ಮದಾಗಿರುತ್ತದೆ, ಬಿಡಿ ಹಾಡುಗಳನ್ನು ಬೇಕಾದಾಗ ಹಾಕಿಕೊಳ್ಳಬಹುದು. ಬೆಳಗ್ಗೆ ಅಡುಗೆಮನೆಯ ಗಡಿಬಿಡಿಗೆ ‘ದ ಬಾಯ್ ವಂಡರ್ಸ್’ ಸರಿಹೋಗುತ್ತದೆ. ಅದಕ್ಕೆ ಗಮನವಿಟ್ಟು ಕೇಳುವವರ ಅಗತ್ಯವೇ ಇಲ್ಲ. ಕಾರಿನಲ್ಲಿ, ಬಸ್ಸಿನಲ್ಲಿ ‘ಒಬ್ಲಿವಿಯಸ್’ ಮತ್ತು ‘ಪಿಲ್ಲರ್ ಟು ಪೋಸ್ಟ್’. ಇನ್ನೊಬ್ಬರಿಗೆ ಈ ಆಲ್ಬಮ್ ಪರಿಚಯಿಸುವಾಗಲೂ ಇವೆರಡರಿಂದಲೇ ಆರಂಭಿಸಿ. ‘ವೀ ಕುಡ್ ಸೆಂಡ್ ಲೆಟರ್ಸ್’ ಕೇಳಿಸಿ ಆರಂಭಿಸಿದ ನಾನು ಇಬ್ಬರು ಕೇಳುಗರನ್ನು ಕಳೆದುಕೊಂಡಿದ್ದೇನೆ. ‘ವಾಕ್ ಔಟ್ ಟು ವಿಂಟರ್’ ಹಿನ್ನೆಲೆ ಸಂಗೀತವಾಗಿ ಹಾಕಲು ತಕ್ಕದ್ದಲ್ಲ. ಅದಕ್ಕೆ ಎದ್ದು ಹೊರಗೆ ಹೋಗಬೇಕು.

ಇದೇ ಬಗೆಯದು ಇನ್ನಷ್ಟು ಬೇಕೆನ್ನಿಸಿದರೆ, ಅದೇ ಪೋಸ್ಟ್‌ಕಾರ್ಡ್ ಬಳಗದ ಆರೆಂಜ್ ಜ್ಯೂಸ್ ತಂಡದ 1982ರ ‘ಯು ಕಾಂಟ್ ಹೈಡ್ ಯುವರ್ ಲವ್ ಫಾರೆವರ್’ ಹತ್ತಿರದ ನೆಂಟ. ಅದರಲ್ಲಿ ಕೈ ಇನ್ನಷ್ಟು ಒರಟು, ನಗು ಇನ್ನಷ್ಟು ತುಂಟ. ಆಜ್ಟೆಕ್ ಕ್ಯಾಮೆರಾದ್ದೇ ಮುಂದಿನ ಆಲ್ಬಮ್ ‘ನೈಫ್’ (1984) ದೊಡ್ಡ ಕಂಪನಿಯಿಂದ, ಡೈರ್ ಸ್ಟ್ರೇಟ್ಸ್ ತಂಡದ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಅವರ ನಿರ್ಮಾಣದಲ್ಲಿ ಬಂತು; ನುಣುಪು ಹೆಚ್ಚಿತು, ಆ ಹಟ ಕಡಿಮೆಯಾಯಿತು ಎಂಬುದು ನನ್ನ ಅಭಿಪ್ರಾಯ. ಎರಡು ಕಾಲಮ್ಮಿನ ಹಾಳೆಯನ್ನು ಅವಕ್ಕೂ ಬಳಸಬಹುದು.

ಕೊನೆಯದಾಗಿ ಹತ್ತನೆಯ ಹಾಡಿನ ವಿಷಯ. ಷಫಲ್‌ನಲ್ಲಿ ಕೇಳುತ್ತಿದ್ದ ದಿನಗಳಲ್ಲಿ ‘ಡೌನ್ ದ ಡಿಪ್’ ಬಂದಾಗಲೆಲ್ಲ, ಪೂರ್ತಿ ಮಾಡದೆ ಬಿಟ್ಟ ಹಾಡೊಂದು ತಪ್ಪಿ ಒಳಗೆ ಸೇರಿದೆಯೆಂದು ತಿಳಿದು ನಾನು ಮುಂದಕ್ಕೆ ಒತ್ತುತ್ತಿದ್ದೆ. ಅದರಲ್ಲಿ ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಒಂದು ಅಕೂಸ್ಟಿಕ್ ಗಿಟಾರ್, ಒಂದು ದನಿ. ಕ್ರಮವಾಗಿ ಕೇಳಿದಾಗಷ್ಟೇ ತಿಳಿದದ್ದು: ಒಂಬತ್ತು ಹಾಡುಗಳ ಉದ್ದಕ್ಕೂ ಜೊತೆಗಿದ್ದವರೆಲ್ಲ ಎದ್ದು ಹೋಗಿದ್ದಾರೆ, ನೀವು ಎರಡನೆಯ ಸಲ ಹುಡುಕಿ ಹುಡುಕಿ ಹಿಂಬಾಲಿಸಿದ ಆ ಬಲಗೈ ಒಂದೇ ಉಳಿದಿದೆ. ಈಗ ಅದನ್ನು ಕೇಳಲು ಯಾವ ಉಪಾಯವೂ ಬೇಕಿಲ್ಲ. ಇಲ್ಲಿ ವಾಲ್ಯೂಮ್ ಒಂದು ಹಂತ ಹೆಚ್ಚಿಸಿ, ಕೊನೆಯ ಸವರಿಕೆಯಾದ ಮೇಲೆ ತಂತಿಯ ಕಂಪನ ಅಡಗುವವರೆಗೆ ಇಯರ್‌ಫೋನ್ ತೆಗೆಯಬೇಡಿ.